ಒಂದಿಟ್ಟಿಗೆ ಗೋಡೆ

ಎಪ್ಪತ್ತು ದಾಟಿದ ನಮ್ಮಜ್ಜಿ ಗೋಡೆ ಒಡೆದು ಕೋಣೆಯೊಳಗೆ ನುಗ್ಗಿದಳು ಅಂದ್ರೆ ಯಾರೂ ನಂಬಲ್ಲ. ನಂಬದಿದ್ರೆ ಬಿಡಲಿ, ನನಗೇನು. ತೂತು ಇನ್ನೂ ಹಾಗೇ ಇದೆ, ಬಂದು ನೋಡ್ಕೊಳ್ಳಲಿ.

ಕೋಣೆ ನಮ್ಮಣ್ಣಂದು. ಸೈಕಲ್ ಹತ್ತಿ ಹೋದವನಿಗೆ ಲಾರಿ ಗುದ್ದಿತು, ಮತ್ತೆ ಅವನು ಈ ಕೋಣೆಗೆ ಬರಲೇ ಇಲ್ಲ. ಮುದ್ದೆಯಾದ ಹೊದಿಕೆ, ಕುರ್ಚಿ ಮೇಲೆ ಎಸೆದ ಶರ್ಟು, ಅರ್ಧ ಕುಡಿದಿಟ್ಟ ನೀರು, ಎಲ್ಲ ಅವನು ಬಿಟ್ಟುಹೋದ ಹಾಗೇ ಇರಬೇಕು ಅನ್ನೋದು ನನ್ನ ಹಟ. ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಕೊಳೆ ಕಂಡ್ರೆ ಅವಳಿಗೆ ಮೈ ಉರಿಯುತ್ತೆ. ಅವಳೊಂದು ಸಲ ಒಳಗೆ ಬಂದ್ರೆ ಮುಗೀತು, ಒಗೆದು ಒರೆಸಿ ಅಣ್ಣನ್ನೇ ಅಳಿಸಿಹಾಕ್ತಾಳೆ ಅಂತ ನನಗೆ ಭಯ. ಅದಕ್ಕೇ ಒಳಗೆ ಸೇರ್ಕೊಂಡು ಚಿಲಕ ಹಾಕಿಬಿಟ್ಟೆ. ಅಮ್ಮ ಡ್ಯೂಟಿಗೆ ಹೋದಮೇಲೆ ಹೊರಗೆ ಬಂದು, ಸಿಕ್ಕಿದ್ದು ತಿಂದು, ಮತ್ತೆ ಒಳಗೆ. ಹೊರಗಿರೋವಾಗ ಬಾಗಿಲಿಗೆ ಬೀಗ, ಬೀಗದ ಕೈ ನನ್ನ ಕೊರಳಲ್ಲಿ. ಕಾಲೇಜಿಗಂತೂ ಎಳ್ಳುನೀರು ಬಿಟ್ಟಾಗಿತ್ತು.

ಬಂದವರೆಲ್ಲ ಬಾಗಿಲ ಆಚೆ ನಿಂತು ಒಂದೇ ಪಾಠ ಒಪ್ಪಿಸೋರು. “ಅತ್ತುಬಿಡು ಪುಟ್ಟಾ, ಹಗುರಾಗುತ್ತೆ.” ಹಗುರಾಗೋಕೆ ನಾನೇನು ಬಲೂನಾ? ಅಮ್ಮ ಮಾತ್ರ ಏನೂ ಹೇಳ್ತಿರಲಿಲ್ಲ. ಸಂಜೆ ಬಂದವಳೇ ಬಾಗಿಲಿಗೆ ಒರಗಿ ಕೂತುಬಿಡೋಳು, ಕೆಳಗಿನ ಸಂದಿಯಲ್ಲಿ ಅವಳ ನೆರಳು ಕಾಣೋದು. ನಾನು ಸೋತು ಚಿಲಕ ತೆಗೆಯೋದನ್ನೇ ಕಾಯ್ತಿದ್ದಾಳೆ ಅಂದ್ಕೊಂಡು ನಾನೂ ಬಿಗಿಯಾಗಿ ಕೂತಿದ್ದೆ.

ಹೀಗಿರೋವಾಗ ಒಂದು ಸಂಜೆ, ಮಂಚದ ತಲೆ ಹತ್ರ ಗೋಡೆಯಲ್ಲಿ ದಡ್ ದಡ್ ಅಂತ ಸದ್ದು. ಗಾರೆ ಉದುರಿತು. ಒಂದು ಇಟ್ಟಿಗೆ ದಿಂಬಿನ ಪಕ್ಕಕ್ಕೇ ಬಿತ್ತು. ತೂತು ದೊಡ್ಡದಾಗ್ತಾ ಬಂದು, ಕೊನೆಗೆ ಸುಣ್ಣ ಮೆತ್ತಿದ ಅಜ್ಜಿಯ ಮುಖ ಕಾಣಿಸಿತು. ಗೋಡೆಯ ಆಚೆಗೆ ಪಕ್ಕದ ಟೈಲರ್ ಮಾಮನ ಅಂಗಡಿ. ಅವನ ಅಳುದನಿ ಕೇಳಿತು.

“ಅತ್ತೇ, ಇದು ಟ್ರಯಲ್ ರೂಮು. ಗಿರಾಕಿ ಕಾಯ್ತಿದ್ದಾರೆ.”

“ಕಾಯ್ಲಿ ಬಿಡೋ. ನಿನ್ನ ಅಂಗಡೀಲಿ ಕಾಯೋದು ಅವರಿಗೇನು ಹೊಸದಾ?” ಅಂದಳು ಅಜ್ಜಿ.

ಆ ಗೋಡೆಯ ಕಥೆ ನನಗೆ ಗೊತ್ತಿತ್ತು, ಅಜ್ಜಿ ಹೇಳಿದಾಗೆಲ್ಲ ಆಕಳಿಸಿದ್ದೆ. ಅವಳು ನನ್ನ ವಯಸ್ಸಿನವಳಿದ್ದಾಗ ಊರಲ್ಲಿ ದೊಡ್ಡ ಗಲಾಟೆ. ಮಾಳಿಗೆಗಳ ಮೇಲೆ ಬಂದೂಕಿನವರು. ಬೀದಿಗೆ ತಲೆ ಹಾಕಿದ್ರೆ ಗುಂಡು. ನಮ್ಮ ಬೀದಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ವಲ್ಲ, ಜನ ಮನೆಯಿಂದ ಮನೆಗೆ ಗೋಡೆ ಕೊರೆದು, ಆ ಕನ್ನದಲ್ಲೇ ಹಿಟ್ಟು, ಔಷಧಿ ಎಲ್ಲ ಸಾಗಿಸಿದ್ರು. ತೆವಳಿಕೊಂಡು ಹೋಗಿ ತಲುಪಿಸುವ ಕೆಲಸ ಅಜ್ಜಿಯಂಥ ಸಣಕಲ ಹುಡುಗಿಯರದು. ಊರು ತಣ್ಣಗಾದ ಮೇಲೆ ಕನ್ನ ಮುಚ್ಚಿದ್ರು ನಿಜ, ಆದ್ರೆ ಒಂದೇ ಇಟ್ಟಿಗೆ ದಪ್ಪಕ್ಕೆ. ಮತ್ತೆ ಯಾವಾಗ ಬೇಕಾಗುತ್ತೋ ಅನ್ನೋ ಅನುಮಾನ.

ಅಜ್ಜಿ ಈಗ ಸಣಕಲಿ ಅಲ್ಲ. ಸೊಂಟದ ಹತ್ರ ಸಿಕ್ಕಿಹಾಕ್ಕೊಂಡಳು.

“ನಿನ್ನನ್ನ ಯಾರು ಬಾ ಅಂದ್ರು?” ಅಂತ ರೇಗಿದೆ.

“ಮೊದಲು ಕೈ ಕೊಡು, ಆಮೇಲೆ ಬಯ್ಯಿ. ಕನ್ನದಲ್ಲಿ ಬಂದವರು ಶತ್ರು ಆದ್ರೂ ಕೈ ಕೊಡಬೇಕು ಕಣೇ, ಈ ಬೀದಿ ಕಟ್ಟಳೆ ಅದು.”

ಎಳೆದೆ. ಮಂಚದ ಮೇಲೆ ದೊಪ್ಪನೆ ಬಿದ್ದಳು. ಶರ್ಟು, ಹೊದಿಕೆ, ನೀರಿನ ಲೋಟ, ಎಲ್ಲದರ ಮೇಲೂ ಕೆಂಪು ಧೂಳು. ಒರೆಸೋಕೆ ಹೋದ ಕೈ ಹಿಂದಕ್ಕೆ ಎಳ್ಕೊಂಡೆ.

“ಎಲ್ಲ ಹಾಳು ಮಾಡಿದೆ. ನನ್ನನ್ನ ಹೊರಗೆ ಎಳ್ಕೊಂಡು ಹೋಗೋಕೆ ತಾನೇ ಬಂದಿದ್ದು? ನಾನು ಬರಲ್ಲ.”

“ನಿನ್ನ ಯಾರು ಕರೆದ್ರು? ಇಲ್ಲೇ ಇರು,” ಅಂದಳು ಅಜ್ಜಿ. “ನಾನು ಅವನ ಹತ್ರ ಬಂದೆ.”

ಅಣ್ಣನ ದಿಂಬಿಗೆ ಮುಖ ಒತ್ತಿ, ಹೋ ಅಂತ ಅತ್ತಳು. ಮಣ್ಣು ಮಾಡಿದ ದಿನ ಒಂದು ಹನಿ ಕಣ್ಣೀರು ಹಾಕದೆ ಬಂದವರನ್ನೆಲ್ಲ ವಿಚಾರಿಸಿಕೊಂಡ ಹೆಂಗಸು ಇವಳೇನಾ ಅನ್ನಿಸಿತು. ಪಕ್ಕದಲ್ಲಿ ಕೂತೆ.

ಸುಮಾರು ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, ಯಾವತ್ತೂ ಹೇಳದೇ ಇದ್ದದ್ದನ್ನ ಹೇಳಿದಳು.

“ಆ ಗಲಾಟೇಲಿ ನನ್ನ ತಮ್ಮ ಹೋದ. ಕಿಟಕಿ ಹತ್ರ ನಿಂತಿದ್ದ, ಗುಂಡು ಬಿತ್ತು. ಇದೇ ಕೋಣೇಲಿ ಮಲಗಿಸಿದ್ವಿ. ಹೊರಗೆ ಒಯ್ಯೋ ಹಾಗಿರಲಿಲ್ಲ. ಜನ ಕನ್ನದಲ್ಲಿ ತೆವಳಿಕೊಂಡು ನೋಡೋಕೆ ಬಂದ್ರು. ನನಗೆ ಎಲ್ಲಿತ್ತೋ ಸಿಟ್ಟು. ಅವನು ನನ್ನ ತಮ್ಮ, ನೋಡೋಕೆ ನೀವ್ಯಾರು ಅಂತ ಕನ್ನಕ್ಕೆ ಹಲಗೆ ಅಡ್ಡ ಇಟ್ಟು, ಬೆನ್ನು ಕೊಟ್ಟು ಕೂತುಬಿಟ್ಟೆ.”

“ಆಮೇಲೆ?”

“ಹಲಗೆ ಆಚೆ ಒಬ್ಬಳು ಅಳ್ತಾ ಇದ್ದಳು. ಈ ಟೈಲರ್ ಇದ್ದಾನಲ್ಲ, ಅವನ ತಾಯಿ. ಆಗಿನ್ನೂ ಹೊಸ ಸೊಸೆ. ನಮಗೂ ಅವರಿಗೂ ಮಾತೇ ಇರಲಿಲ್ಲ. ನನ್ನ ತಮ್ಮ ಕದ್ದು ಕದ್ದು ಹೋಗಿ ಅವಳಿಗೆ ಅಕ್ಷರ ಹೇಳಿಕೊಡ್ತಿದ್ದನಂತೆ. ನನಗೆ ಗೊತ್ತೇ ಇರಲಿಲ್ಲ. ನನ್ನ ತಮ್ಮ ನನಗೆ ಗೊತ್ತಿರೋದಕ್ಕಿಂತ ಜಾಸ್ತಿ ಇದ್ದ ಕಣೇ.”

“ಹಲಗೆ ತೆಗೆದ್ಯಾ?”

“ತೆಗೆಯದೆ ಏನು ಮಾಡ್ಲಿ. ಕೈ ಕೊಟ್ಟೆ.”

ನನ್ನ ವಯಸ್ಸಿನ ಹುಡುಗಿ, ತಮ್ಮನ ಹೆಣದ ಪಕ್ಕ ಕೂತವಳು, ಗುಂಡು ಹಾರೋ ಊರಲ್ಲಿ ಇಷ್ಟು ಮಾಡಿದ್ದಳು. ಅವಳ ಮುಂದೆ ನಾನು ಯಾವ ಮೂಲೆಗೆ ಸಾಲ್ತೀನಿ? ಧೂಳು ಮೆತ್ತಿದ ಆ ಮುದುಕಿಯ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿದಿದ್ರೆ ಬಯ್ತಿದ್ದಳು.

ಗೋಡೆಯ ಆಚೆ ಮಾಮನ ಮಿಷಿನ್ನಿನ ಸದ್ದಿರಲಿಲ್ಲ. ಆ ನಿಶ್ಶಬ್ದದಲ್ಲಿ ಬಾಗಿಲ ಕಡೆಯಿಂದ ಮೂಗೆಳೆಯೋ ಸದ್ದು ಕೇಳಿತು. ಸಂದಿಯಲ್ಲಿ ಅದೇ ನೆರಳು. ಇಷ್ಟು ದಿನ ಅಮ್ಮ ನನ್ನನ್ನ ಕಾಯ್ತಿದ್ದಾಳೆ ಅಂದ್ಕೊಂಡಿದ್ದೆನಲ್ಲ, ಎಂಥ ಪೆದ್ದಿ ನಾನು.

ಎದ್ದು ಚಿಲಕ ತೆಗೆದೆ. ಅಮ್ಮ ಗಡಬಡಿಸಿ ಎದ್ದಳು. ಡ್ಯೂಟಿಯ ಬಟ್ಟೆ ಬದಲಿಸಿರಲಿಲ್ಲ. ನನ್ನ ತಲೆಯ ಧೂಳು ನೋಡಲಿಲ್ಲ, ಒಡೆದ ಗೋಡೆ ನೋಡಲಿಲ್ಲ. ನನ್ನ ಭುಜದ ಮೇಲಿಂದ ಕುರ್ಚಿ ಮೇಲಿನ ಶರ್ಟನ್ನೇ ನೋಡ್ತಾ, ತನ್ನ ಮನೆಯಲ್ಲಿ ತಾನೇ ನೆಂಟರ ಹಾಗೆ ಹೊಸ್ತಿಲಾಚೆ ನಿಂತು ಕೇಳಿದಳು.

“ನಾನೂ ಬರ್ಲಾ? ಏನೂ ಮುಟ್ಟಲ್ಲ.”

“ಮುಟ್ಟಮ್ಮಾ,” ಅಂದೆ.