ಜೀವದ ಕಿಂಡಿ

ರಾಮಯ್ಯನ ಜೀವ ಹೋಗುತ್ತಲೂ ಇರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಆಸ್ಪತ್ರೆಯವರು ಇನ್ನು ನಮ್ಮ ಕೈಲಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿ ಹನ್ನೊಂದು ದಿನವಾಗಿತ್ತು. ನಲವತ್ತು ವರ್ಷ ಗಾರೆ ಕೆಲಸ ಮಾಡಿ ಸಿಮೆಂಟಿನ ದೂಳು ಕುಡಿದ ಎದೆ. ಉಸಿರು ಮೇಲಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು. ಬಹಳ ಹೊತ್ತಾದ ಮೇಲೆ ಒಲ್ಲದ ಮನಸ್ಸಿನಿಂದ ಇಳಿಯುತ್ತಿತ್ತು. ಅದು ಇಳಿಯುವ ತನಕ ಪಕ್ಕದಲ್ಲಿ ಕೂತ ಹೆಂಡತಿ ಬೆಟ್ಟಮ್ಮನೂ ಉಸಿರು ಬಿಡುತ್ತಿರಲಿಲ್ಲ.

ಎಚ್ಚರವಿದ್ದಷ್ಟು ಹೊತ್ತೂ ಅವನು ಒಂದೇ ಕಡೆ ನೋಡುತ್ತಿದ್ದ. ಕಾಲ ದೆಸೆಯ ಗೋಡೆಯಲ್ಲಿ, ಸೂರಿನ ಹತ್ತಿರ, ಒಂದು ಮೊಳ ಅಗಲದ ಹೊಸ ಸಿಮೆಂಟಿನ ತೇಪೆ ಇತ್ತು. ಅದನ್ನು ಹಾಕಿದವಳು ಬೆಟ್ಟಮ್ಮನೇ.

ಆ ಜಾಗದಲ್ಲಿ ಒಂದು ಕಿಂಡಿಯಿತ್ತು. ಕೆಸರೆಯ ಈ ಮನೆಯನ್ನು ರಾಮಯ್ಯ ತಾನೇ ಇಟ್ಟಿಗೆ ಇಟ್ಟು ಕಟ್ಟಿದ್ದ, ಕಿಂಡಿ ಮಾತ್ರ ಆಮೇಲೆ ಬಂದದ್ದು. ಗೋಕುಲಂನಲ್ಲಿ ಯೋಗ ಕಲಿಯಲು ಬರುತ್ತಿದ್ದ ವೆರೆನಾ ಎಂಬ ಹೆಂಗಸಿನ ಬಾಡಿಗೆ ಮನೆಯಲ್ಲಿ ಅವನು ನೆಲ ಕೂರಿಸುವ ಕೆಲಸ ಮಾಡಿದ್ದ. ಅವಳು ಸ್ವಿಟ್ಜರ್‌ಲ್ಯಾಂಡಿನ ಬೆಟ್ಟದವಳು, ವಾಲ್ಸರ್ ಎಂಬ ಪಂಗಡದವಳು. ಚೂರುಪಾರು ಕನ್ನಡದಲ್ಲಿ ತನ್ನ ಊರಿನ ಸಂಗತಿ ಹೇಳುತ್ತಿದ್ದಳು. ಅಲ್ಲಿನ ಹಳೇ ಮರದ ಮನೆಗಳಲ್ಲಿ ಜೀವ ಹೋಗಲಿಕ್ಕೆಂದೇ ಒಂದು ಸಣ್ಣ ಕಿಂಡಿ ಇರುತ್ತದಂತೆ. ಯಾರಾದರೂ ಸಾಯುವಾಗ ಮಾತ್ರ ತೆಗೆಯುವುದು, ಜೀವ ಹೋದ ಕೂಡಲೇ ಮುಚ್ಚುವುದು. ತಡ ಮಾಡಿದರೆ ಹೋದವರು ತಿರುಗಿ ಬರುತ್ತಾರೆ. ಇನ್ನು ದಾರಿ ಸಿಗದ ಜೀವಗಳು ಬೆಟ್ಟದ ಮೇಲಿನ ಹಿಮಗಡ್ಡೆಯಲ್ಲಿ ಸಿಕ್ಕಿಕೊಂಡು, ಚಳಿಯಲ್ಲಿ ನರಳುತ್ತಾ ನಿಂತಿರುತ್ತವಂತೆ.

ರಾಮಯ್ಯನಿಗೆ ಅದು ಮನಸ್ಸಿಗೆ ಹತ್ತಿಬಿಟ್ಟಿತು. ಅವನ ಅಜ್ಜಿ ಉಸಿರು ಬಿಡಲಾರದೆ ಒದ್ದಾಡಿದಾಗ ಮನೆಯವರು ಜೀವಕ್ಕೆ ದಾರಿಯಾಗಲೆಂದು ಮೇಲಿನ ಒಂದು ಹೆಂಚು ಸರಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ತಾರಸಿಗೆ ಮೋಲ್ಡಿಂಗ್ ಹಾಕಿದ ಮನೆಯಲ್ಲಿ ಹೆಂಚು ಎಲ್ಲಿಂದ ಬರಬೇಕು? ಆ ಭಾನುವಾರವೇ ಗೋಡೆಯ ಇಟ್ಟಿಗೆ ಕಿತ್ತು ಚೌಕಟ್ಟು ಕೂರಿಸಿ, ಹಲಸಿನ ಹಲಗೆಯಲ್ಲಿ ಒಂದು ಮುಚ್ಚಳ ಮಾಡಿ ಬಿಗಿದ.

"ಯಾಕೆ, ಹೋಗಕ್ಕೆ ಬಾಗ್ಲಿಲ್ವಾ ನಿಮ್ಗೆ?" ಎಂದು ಬೆಟ್ಟಮ್ಮ ಹಂಗಿಸಿದ್ದಳು.

"ಬಾಗ್ಲಲ್ಲಿ ನೀನು ಕೂತಿರ್ತೀಯ ಕಣೆ. ಬುಟ್ಟೀಯಾ?"

ಆಗ ಇಬ್ಬರೂ ನಕ್ಕಿದ್ದರು.

ಆಸ್ಪತ್ರೆಯಿಂದ ಬಂದ ದಿನ ಮಂಚದ ಮೇಲೆ ಮಲಗಿಸಿದಾಗ ಅವನು ಆ ಹಲಗೆಯನ್ನು ನೋಡಿದ. ತಿಂಗಳಿಂದ ಗಂಟು ಹಾಕಿಕೊಂಡಿದ್ದ ಮುಖ ಸಡಿಲವಾಯಿತು. ಬಸ್ಸು ಬಂತು ಎಂದು ಎದ್ದು ನಿಲ್ಲುವವರ ಮುಖ ಅದು. ಬೆಟ್ಟಮ್ಮನಿಗೆ ತಡೆಯಲಾಗಲಿಲ್ಲ. ಅವನಿಗೆ ಜೋಂಪು ಹತ್ತಿದ ಮೇಲೆ, ಹಿತ್ತಿಲಲ್ಲಿ ಉಳಿದಿದ್ದ ಸಿಮೆಂಟನ್ನು ಅರ್ಧ ಬಾಂಡ್ಲಿ ಕಲಸಿ, ಸ್ಟೂಲು ಹತ್ತಿ, ಹಲಗೆಯ ಮೇಲೇ ಮೆತ್ತಿದಳು. ಗಾರೆಯವನ ಹೆಂಡತಿ, ಕರಣೆ ಹಿಡಿಯುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಾರಿ ಇಲ್ಲದಿದ್ದರೆ ಎಲ್ಲಿಗೆ ಹೋಗುತ್ತಾರೆ, ಇಲ್ಲೇ ಇರುತ್ತಾರೆ ಎಂದುಕೊಂಡಳು.

ಎಚ್ಚರವಾದಾಗ ರಾಮಯ್ಯ ತೇಪೆ ನೋಡಿದ. ಅಂದಿನಿಂದ ಅವಳ ಕೈಯಿಂದ ಗಂಜಿ ಕುಡಿಯಲಿಲ್ಲ. ಹಿನಕಲ್‌ನಿಂದ ಬಂದಿದ್ದ ಮಗಳು ಶಾಲಿನಿ ಕುಡಿಸಿದರೆ ಎರಡು ಗುಟುಕು, ಅಷ್ಟೇ. ಅಪ್ಪ ನರಳುವುದನ್ನು ನೋಡಲಾರದೆ ಶಾಲಿನಿ ಒಂದೆರಡು ಸಲ ತೇಪೆಯ ಮಾತೆತ್ತಿದಳು. ಬೆಟ್ಟಮ್ಮ ಎದ್ದು ಅಡುಗೆಮನೆಗೆ ಹೋಗಿಬಿಟ್ಟಳು.

ಹನ್ನೊಂದನೆಯ ದಿನ ಮಧ್ಯಾಹ್ನ ರಾಮಯ್ಯ ಬೆರಳು ಎತ್ತಿದ. ಅದು ತೇಪೆಯ ಕಡೆ ನಿಂತಿತು.

"ತೆಗಿ, ಬೆಟ್ಟಿ."

ಮದುವೆಯಾದ ಹೊಸತರಲ್ಲಿ ಕರೆಯುತ್ತಿದ್ದ ಹೆಸರು. ಎಷ್ಟೋ ವರ್ಷದಿಂದ ಆ ಬಾಯಲ್ಲಿ ಬಂದಿರಲಿಲ್ಲ.

ಬೆಟ್ಟಮ್ಮ ಅವನದೇ ಚೀಲದಿಂದ ಉಳಿ ಸುತ್ತಿಗೆ ತೆಗೆದಳು. ಸ್ಟೂಲು ಹತ್ತಿ ಹೊಡೆದಳು. ಚಕ್ಕೆಗಳು ಹಾಸಿಗೆಯ ತನಕ ಸಿಡಿದವು, ಶಾಲಿನಿ ಅಪ್ಪನ ಮುಖಕ್ಕೆ ಅಂಗೈ ಅಡ್ಡ ಹಿಡಿದಳು. ಸಿಮೆಂಟು ಚೆನ್ನಾಗಿ ಹಿಡಿದಿತ್ತು. ತಾನು ಎಷ್ಟು ಗಟ್ಟಿಯಾಗಿ ಮೆತ್ತಿದ್ದೆ ಎಂದು ಒಂದೊಂದು ಏಟಿಗೂ ಅವಳಿಗೆ ಗೊತ್ತಾಯಿತು. ಕೊನೆಗೆ ಹಲಗೆ ಅಲುಗಿತು. ಎರಡೂ ಕೈಯಲ್ಲಿ ಹಿಡಿದು ಎಳೆದಳು.

ಬೆಳಕು ಬರಲಿಲ್ಲ.

ಕಿಂಡಿಯ ಆಚೆ ಗೋಡೆಯಿತ್ತು. ಗಾರೆ ಕಾಣದ ಬೂದು ಬ್ಲಾಕುಗಳು, ನಡುವೆ ನಾಲ್ಕು ಬೆರಳು ಸಂದಿ. ಅವರು ತಿಂಗಳಿಡೀ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮನೆಯ ಮಹದೇವು, ಬರೀ ಕಂಬ ಎಬ್ಬಿಸಿ ಬಿಟ್ಟಿದ್ದ ಮೂರಂತಸ್ತಿಗೂ ಗಡಿಗೆ ಸರಿಯಾಗಿ ಗೋಡೆ ತುಂಬಿಸಿದ್ದ. ಅಡುಗೆಮನೆಗೆ ಕತ್ತಲೆಯಾಯಿತು ಎಂದು ಬೆಟ್ಟಮ್ಮ ಅವನ ಜೊತೆ ಜಗಳವನ್ನೂ ಆಡಿದ್ದಳು. ಕಿಂಡಿ ಇರುವುದೂ ಅದೇ ಕಡೆಯ ಗೋಡೆಯಲ್ಲಿ ಎಂದು ಹೊಳೆದಿರಲಿಲ್ಲ. ಕಿಂಡಿಯ ಯೋಚನೆಯನ್ನೇ ಅವಳು ಹತ್ತಿರ ಸೇರಿಸಿರಲಿಲ್ಲ.

ಮಂಚದಿಂದ ರಾಮಯ್ಯನಿಗೆ ಆಚೆ ಕಾಣುತ್ತಿರಲಿಲ್ಲ. ಹಲಗೆ ಬಂದದ್ದಷ್ಟೇ ಕಂಡಿತು.

"ಗಾಳಿ ಬತ್ತೈತಾ?" ಎಂದ.

ಸ್ಟೂಲಿನ ಮೇಲೆ ಬೆಟ್ಟಮ್ಮ ತಿರುಗಲಿಲ್ಲ. "ಬತ್ತೈತೆ," ಎಂದಳು.

ಉಸಿರು ಮೇಲಕ್ಕೆ ಹೋಯಿತು. ಅವಳು ಕಾದಳು. ಅದು ಇಳಿಯಲಿಲ್ಲ.

ಶಾಲಿನಿ ಅಪ್ಪನ ಕಣ್ಣು ಮುಚ್ಚಿ, ಅಳುತ್ತಲೇ ನೆಲದ ಮೇಲಿದ್ದ ಹಲಗೆ ಎತ್ತಿಕೊಂಡು ಬಂದಳು. ಬೆಟ್ಟಮ್ಮ ಕಿಂಡಿಯೊಳಗೆ ಕೈ ತೂರಿದಳು. ಬೆರಳಿಗೆ ತಣ್ಣನೆಯ ಬ್ಲಾಕು ತಗುಲಿತು. ಈ ಸಂದಿಗೆ ಯಾವ ಕಾಲಕ್ಕೂ ಬಿಸಿಲು ಬೀಳುವುದಿಲ್ಲ. ಹಿಮದಲ್ಲಿ ಸಿಕ್ಕಿಕೊಂಡವರ ಕಥೆಯನ್ನು ಅವನು ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದ, ಅವಳು ಸಾರು ಆರುತ್ತದೆ ಎಂದು ಗದರುತ್ತಿದ್ದಳು. ಹನ್ನೊಂದು ದಿನ ಒಳಗೆ ಕಟ್ಟಿಹಾಕಿದ್ದಾಯಿತು, ಈಗ ಎರಡು ಗೋಡೆಯ ನಡುವೆ. ಮುಚ್ಚಿದರೆ ಅಲ್ಲೇ ಉಳಿದರು. ಮುಚ್ಚದಿದ್ದರೆ ತಿರುಗಿ ಈ ಎದೆಯೊಳಕ್ಕೇ, ಈ ಉಬ್ಬಸಕ್ಕೇ ಬಂದರು.

ಅವಳು ಮುಖವನ್ನು ಕಿಂಡಿಗೆ ಒತ್ತಿದಳು.

"ಕೇಳಿ ಇಲ್ಲಿ," ಎಂದಳು ಮೆಲ್ಲಗೆ. "ಎದುರ್ಗೆ ಹೋಗ್ಬ್ಯಾಡಿ, ಗೋಡೆ ಐತೆ. ಮಾದೇವು ಕಟ್ಬುಟ್ಟವ್ನೆ. ಮೇಲಕ್ಕೋಗಿ. ಮೂರಂತಸ್ತು ಅಷ್ಟೇಯ. ಬಲಗಡೆ ಪೈಪು ಐತೆ, ಹಿಡ್ಕಳಿ. ಕಾಲು ಮಡಗಿ ಮಡಗಿ ಹತ್ತಿ. ಮೇಲೆ ಬಿಸ್ಲೈತೆ."

ಪೈಪು ಇತ್ತೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಸದ್ದು ಕೇಳಿ ಬಂದ ಮಹದೇವು ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತು, ಯಾರ್ಯಾರಿಗೆ ಫೋನು ಮಾಡಬೇಕು ಎಂದು ಕೇಳಿದ. ಶಾಲಿನಿ ಹಲಗೆಯನ್ನು ಮೇಲಕ್ಕೆ ಚಾಚಿದಳು.

"ಮುಚ್ಚಮ್ಮ. ತಡ ಮಾಡ್ಬಾರ್ದು ಅಂತ ಅಪ್ಪನೇ ಹೇಳಿದ್ರಲ್ಲ."

ಬೆಟ್ಟಮ್ಮ ಒಂದು ಕೈಯಿಂದ ಹಲಗೆಯನ್ನು ತಡೆದಳು. ಕಿವಿ ಕಿಂಡಿಯಲ್ಲೇ ಇತ್ತು.

"ಇನ್ನೂ ಹತ್ತಾ ಅವ್ರೆ ಕಣವ್ವ," ಎಂದಳು. "ಆಯಾಸ ಅವ್ರಿಗೆ. ತಾಳು."