ಹಿಟ್ಟಿನ ಮೇಲಿನ ಪಾದ

—ಮತ್ತೆ ನಗು, ನಡುಮನೆಯಿಂದ, ಸಾವಿನ ಮನೆಯಲ್ಲಿ ಹನ್ನೊಂದನೇ ದಿನಕ್ಕೇ ನಗು, ಯಾರ ಹೊಟ್ಟೆ ತಣ್ಣಗಾಯಿತೋ, ಅಡುಗೆಮನೆಯ ಮೂಲೆಯಲ್ಲಿ ಕುಳಿತ ಕೋಮಲಾಳ ಕೈಯಲ್ಲಿ ಕಾಫಿ ಕೆನೆಗಟ್ಟಿದೆ, ಕುಡಿಯಲು ಮನಸ್ಸಿಲ್ಲ, ಎದ್ದು ಚೆಲ್ಲಲೂ ಇಲ್ಲ, ಅತ್ತೆ ಬೆಳ್ಳಮ್ಮ ಮೂರನೇ ಸಲ ಬಂದು ಬಾಗಿಲಲ್ಲಿ ನಿಂತಳು, ಬಾರವ್ವ, ನೋಡ್ಬಾ, ಕೂಸಿನ ಪಾದ ಕಣವ್ವ, ನಮ್ಮ ಯಶು ಎಲ್ಲೂ ಓಗಿಲ್ಲ, ತಿರುಗಿ ನಿನ್ ಒಟ್ಟೇಲೇ ಬತ್ತಾಳೆ— ಬರುತ್ತಾಳಂತೆ, ಚನ್ನರಾಯಪಟ್ಟಣದ ಕಾಲೇಜಿಗೆ ಹೋದವಳು ಸಂಜೆ ಬಸ್ಸಿಗೆ ಇಳಿದು ಬಂದ ಹಾಗೆ. ನಿನ್ನೆ ಸಂಜೆ, ಆಸ್ಪತ್ರೆಯಿಂದ ತಂದು ನಡುಮನೆಯಲ್ಲಿ ಮಲಗಿಸಿದ್ದ ಮಗಳು ಯಶಸ್ವಿನಿ ಜೀವ ಬಿಟ್ಟ ಜಾಗದಲ್ಲೇ, ಜರಡಿ ಹಿಡಿದ ಅಕ್ಕಿಹಿಟ್ಟು ಹರಡಿ ಮೇಲೆ ಬಿದಿರಿನ ಮಂಕರಿ ಬುಟ್ಟಿ ಬೋರಲು ಹಾಕಿದ್ದರು, ಸತ್ತವರು ಬಂದು ಹೆಜ್ಜೆ ಊರಿ ಹೋಗುತ್ತಾರಂತೆ, ಹಕ್ಕಿಯದಾದರೆ ಹಕ್ಕಿ, ಕರುವಿನದಾದರೆ ಕರು, ಅದೇ ಮುಂದಿನ ಹುಟ್ಟು, ನೋಡಿ ಹೇಳುವವನು ಗಂಡನ ದೊಡ್ಡಪ್ಪ ಲಕ್ಕಣ್ಣ. ಬೇಡ ಅಂದಿದ್ದಳು ಕೋಮಲಾ, ನೆಂಟರೆಲ್ಲ ಕೇಳುವಂತೆ ಗಟ್ಟಿಯಾಗಿಯೇ ಅಂದಿದ್ದಳು, ಅಂಗನವಾಡಿ ಟೀಚರ ಮಾತು ಯಾರಿಗೆ ಬೇಕು, ನಿನ್ ಬುದ್ಧ ಗಿದ್ಧ ಎಲ್ಲಾ ಆಸ್ಪತ್ರೇಲೇ ಬುಟ್ಬುಟ್ಟು ಬಾ ಮಗ, ಇದು ಮನೆ, ಅಂದಿದ್ದ ಲಕ್ಕಣ್ಣ, ಅಂದು ಮಂಕರಿಯ ಮೇಲೆ ಒಂದು ಹೂವನ್ನೂ ಇಟ್ಟಿದ್ದ.

ಹೇಗೆ ಬಿಟ್ಟು ಬರುವುದು, ಹದಿನಾಲ್ಕು ತಿಂಗಳು ಹಾಸನದ ಆ ಆಸ್ಪತ್ರೆ, ರಕ್ತದ ಕ್ಯಾನ್ಸರು, ಹದಿನೇಳು ವರ್ಷದ ಕೈಯಲ್ಲಿ ಸೂಜಿಗೆ ನರ ಸಿಗದೆ ಕಾಲಿಗೆ ಇಳಿದಿದ್ದರು, ಪಕ್ಕದ ಹಾಸಿಗೆಯವರನ್ನು ನೋಡಲು ಬರುತ್ತಿದ್ದ ಪರಮಶಿವಯ್ಯ ಮೇಷ್ಟ್ರು ಕೊಟ್ಟುಹೋದ ಬುದ್ಧನ ಪುಸ್ತಕ, ಓದಮ್ಮ, ನಿಧಾನಕ್ಕೆ ಓದು, ಯಶು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು, ಒಲೆ ಆರಿದ ಮೇಲೆ ಬೆಂಕಿ ಯಾವ ಕಡೆ ಹೋಯ್ತು ಅಂತ ಯಾರಾದ್ರೂ ಹುಡುಕ್ತಾರಾ, ಹಂಗೆ ಆಗ್ಬೇಕಮ್ಮ ನಾನು, ನಿರ್ವಾಣ ಅಂದ್ರೆ ಅದೇ ಅಂತಲ್ಲ, ಮತ್ತೆ ಹುಟ್ಟೋದು, ಮತ್ತೆ ಈ ಸೂಜಿ, ಬೇಡ, ಯಾರೂ ನನ್ನ ವಾಪಸ್ ಕರೀಬಾರ್ದು, ನೀನೂ ಕರೀಬಾರ್ದು, ಆಣೆ ಮಾಡು. ಮಾಡಿದಳು. ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು, ಕೂದಲಿಲ್ಲದ ತಲೆ, ಬೆಚ್ಚಗಿತ್ತು. ಹುಟ್ಟಿಗೆ ಆಸೆಯೇ ಬೇರಂತೆ, ಬೇರು ಕಿತ್ತರೆ ಹುಟ್ಟಿಲ್ಲವಂತೆ, ಹೇಳುವುದಕ್ಕೇನು, ಹೊತ್ತು ಹೆತ್ತವನೇನು ಆ ಮಹಾನುಭಾವ, ಮಗಳ ಆಸೆ ಮುಗಿದಿತ್ತು ಸರಿ, ತಾಯಿಯ ಆಸೆಯನ್ನು ಯಾವ ಬಾವಿಗೆ ಹಾಕಬೇಕು, ಅದನ್ನು ಆ ಪುಸ್ತಕದಲ್ಲಿ ಬರೆದಿರಲಿಲ್ಲ.

ಈಗ ರವೀಶ ಬಂದ, ಗಂಡ, ಹನ್ನೊಂದು ದಿನ ಒಂದು ತುತ್ತು ನೆಟ್ಟಗೆ ಇಳಿಸದವನು, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಅಗಿಯುತ್ತಲೇ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ, ಡಾಕ್ಟ್ರನ್ನ ಕೇಳಾಣ ಕಣಮ್ಮಿ, ನಿಂಗೇನು ಮೂವತ್ತೆಂಟೇ ಅಲ್ವಾ, ಈ ಸಲ ಅವಳನ್ನ ಚೆನ್ನಾಗಿ ನೋಡ್ಕಳಾಣ— ಈ ಸಲ. ಈ ಸಲವಂತೆ. ಮೈಯೆಲ್ಲ ಉರಿದುಹೋಯಿತು, ಆ ತಟ್ಟೆ ಕಿತ್ತು ಬಿಸಾಡಿಬಿಡಲೇ, ಆದರೆ ಬೈಯುವುದು ಯಾರನ್ನು, ಇವನನ್ನೇ, ಅತ್ತೆಯನ್ನೇ, ಪಾದ ಮೂಡಿಸಿದವರು ಇವರಲ್ಲವಲ್ಲ, ಇವರ್ಯಾರೂ ಅಲ್ಲ— ನಸುಕಿನಲ್ಲಿ, ಎಲ್ಲರೂ ಮಲಗಿದ್ದಾಗ, ಮಂಕರಿ ಎತ್ತಿದ್ದು ಇವಳೇ, ಕೋಮಲಾ. ಆಣೆ ಉಳಿಸಲೆಂದೇ ಎತ್ತಿದ್ದಳು, ಯಾವ ಗುರುತಿದ್ದರೂ ಸವರಿಬಿಡಬೇಕು, ಮಗಳನ್ನು ಯಾರೂ ಕರೆಯದ ಹಾಗೆ ಮಾಡಬೇಕು, ಎತ್ತಿದರೆ ಏನೂ ಇಲ್ಲ, ನಯವಾದ ಹಿಟ್ಟು, ಒಂದು ಇರುವೆ ಕೂಡ ನಡೆದಿರಲಿಲ್ಲ. ಕೇಳಿದ್ದು ಸಿಕ್ಕಿತ್ತು ಹುಡುಗಿಗೆ. ಸಂತೋಷ ಪಡಬೇಕಿತ್ತು, ಬಂದದ್ದು ಸಿಟ್ಟು, ಹೊಟ್ಟೆಯೊಳಗಿಂದ, ಎಷ್ಟು ಗಟ್ಟಿ ನೀನು, ಒಂಬತ್ತು ತಿಂಗಳು ಇಟ್ಟುಕೊಂಡವಳಿಗೆ ಒಂದು ಬೆರಳಿನ ಗುರುತೂ ಬಿಡದೆ ಹೋದೆಯಾ— ಆಮೇಲೆ ಕೈ ತಾನಾಗಿ ಹೋಯಿತು, ಪ್ರತಿ ಗೋಕುಲಾಷ್ಟಮಿಗೆ ಅಂಗನವಾಡಿಯ ಹೊಸಿಲಿನಿಂದ ಒಳಗಿನವರೆಗೆ ಕೃಷ್ಣನ ಪಾದ ಒತ್ತುವ ಬಲಗೈ, ಮುಷ್ಟಿಯ ಪಕ್ಕವನ್ನು ಒತ್ತಿ, ಮೇಲೆ ಐದು ಬೊಟ್ಟು, ಆಯಿತು.

ರವೀಶನ ತೋಳು ಹಿಡಿದು ಎಬ್ಬಿಸಿದಳು, ತಟ್ಟೆ ಉರುಳಿತು, ಉರುಳಲಿ, ನಡುಮನೆಗೆ ಎಳೆದುಕೊಂಡೇ ಹೋದಳು, ದಾರಿ ಬಿಡಿ, ನಸುಕಿನಲ್ಲಿ ಕುಳಿತಿದ್ದಲ್ಲೇ ಮಂಡಿಯೂರಿದಳು, ಅಳಿಸ್ಬ್ಯಾಡ ಕಣವ್ವ ಅನ್ನುತ್ತ ಲಕ್ಕಣ್ಣ ಕೈ ಚಾಚಿದ, ಅಳಿಸಲ್ಲ ದೊಡ್ಡಮಾವ, ನೋಡಿ, ಎಲ್ಲರೂ ನೋಡಿ, ಇದು ಯಶು ಅಲ್ಲ, ನಾನು, ನನ್ನ ಕೈ, ಹಿಂಗೆ— ಎಡಗೈ ಮುಷ್ಟಿ ಒತ್ತಿದಳು, ಆ ಪಾದದ ಪಕ್ಕಕ್ಕೇ, ಮೇಲೆ ಐದು ಬೊಟ್ಟು ಇಟ್ಟಳು. ನಗು ನಿಂತಿತು. ರವೀಶ ಅಗಿಯುವುದನ್ನು ನಿಲ್ಲಿಸಿ ಅವಳ ಹಿಟ್ಟು ಮೆತ್ತಿದ ಕೈ ನೋಡಿದ. ಮುಗಿಯಿತು ಯಶು, ಇನ್ನು ಯಾರೂ ಕರೆಯುವುದಿಲ್ಲ, ಎಂದುಕೊಂಡು ಅವಳೂ ಬಗ್ಗಿ ನೋಡಿದಳು, ಸುಳ್ಳೆಂದು ತೋರಿಸಲು ಒತ್ತಿದ್ದು, ಆದರೆ ಒಂದು ಹೋಗಿ ಎರಡಾಗಿ, ಎಡಗಾಲು ಬಲಗಾಲು ಜೋಡಿಯಾಗಿ, ಮಗು ಅಲ್ಲಿ ನಿಂತೇಬಿಟ್ಟಿದೆ, ಹಿಮ್ಮಡಿ ಇವಳ ಕಡೆಗೆ, ಬೆರಳು ಬಾಗಿಲ ಕಡೆಗೆ, ಹಿಮ್ಮಡಿ ಇವಳ ಕಡೆಗೆ, ಬೆರಳು ಬಾಗಿಲ ಕಡೆಗೆ