ಎರಡು ಸಾಲು ಗುಳ್ಳೆ

ಮುನಿಗಂಗಪ್ಪನ ದ್ರಾಕ್ಷಿ ತೋಟದ ಬಾವಿಯಲ್ಲಿ ಅಮೃತಹಳ್ಳಿಯ ಹುಡುಗರು ಈಜುವುದನ್ನು ಬಿಟ್ಟು ಒಂದು ವರ್ಷವಾಗಿತ್ತು. ಯಾರೂ ಬೇಡವೆಂದಿರಲಿಲ್ಲ. ಹೋದ ಬೇಸಿಗೆಯಲ್ಲಿ ಯಲಹಂಕದ ವಾಜಿದ್ ಆ ಬಾವಿಯಿಂದ ಮೇಲೆ ಬಂದು ಸತ್ತಿದ್ದ. ಮುಳುಗಿ ಸತ್ತವರ ಕಥೆ ಊರಿಗೆ ಹೊಸದಲ್ಲ. ಮೇಲೆ ಬಂದು, ನಕ್ಕು, ಆಮೇಲೆ ಸತ್ತವನ ಕಥೆ ಮಾತ್ರ ಯಾರಿಗೂ ಅರಗಲಿಲ್ಲ.

ಮುನಿಗಂಗಪ್ಪನಿಗೆ ಅದು ಅರ್ಥವಾಗಿತ್ತು. ಅದೇ ಅವನ ಸಂಕಟ. ನೌಕಾಪಡೆಯಲ್ಲಿದ್ದಾಗ ಕೊಚ್ಚಿಯಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದ ತಳದಲ್ಲಿ ಉಸಿರಾಡಿ ಬಂದ ಮನುಷ್ಯ ಅವನು. ಪಿಂಚಣಿ ಹಿಡಿದು ಊರಿಗೆ ಬಂದ ಮೇಲೆ, ಕೆರೆಗಳ ತೂಬು ರಿಪೇರಿಗೆ ನೀರೊಳಗೆ ಇಳಿಯುವ ಆಳುಗಳು ಬೇಕೆಂದು ಸರ್ಕಾರದ ಒಂದು ಇಲಾಖೆಯವರು ಅವನನ್ನು ಹುಡುಕಿಕೊಂಡು ಬಂದರು. ಎರಡು ಸೆಟ್ಟು ಸಿಲಿಂಡರು ಕೊಟ್ಟು, ಹುಡುಗರನ್ನು ಕಳಿಸುತ್ತೇವೆ, ತಯಾರು ಮಾಡಪ್ಪ ಎಂದರು. ಯಶವಂತಪುರದ ಕಾರ್ಖಾನೆಯೊಂದರಿಂದ ಗಾಳಿ ತುಂಬಿದ ಸಿಲಿಂಡರು ಹೊತ್ತು ಲಾರಿ ಬಂದಾಗಲೆಲ್ಲ ಊರವರಿಗೆ ನಗು. “ಗಾಳೀನೂ ಯಶವಂತಪುರದಿಂದ ತರಿಸ್ತಾನಲ್ಲಪ್ಪ ಪುಣ್ಯಾತ್ಮ! ನಮ್ಮೂರಾಗೆ ಗಾಳಿ ಇಲ್ವಾ?”

ನೀರಿಗೆ ಹೆದರುವವನಿಗೆ ಕಲಿಸುವುದು ಸುಲಭ. ಅವನು ಹೇಳಿದ ಮಾತು ಕೇಳುತ್ತಾನೆ. ಕಷ್ಟವೆಲ್ಲ ನೀರಲ್ಲೇ ಬೆಳೆದ ಈ ಶೂರರದು. ಮುಳುಗಿದರೆ ಉಸಿರು ಬಿಗಿಹಿಡಿಯಬೇಕು ಎಂಬುದು ಅವರಿಗೆ ಚಿಕ್ಕಂದಿನಿಂದ ಮೈಗೆ ಹತ್ತಿದ ಪಾಠ. ಸಿಲಿಂಡರಿನ ಗಾಳಿ ಎಳೆದುಕೊಂಡವನು ಹಾಗೆ ಬಿಗಿಹಿಡಿದು ಮೇಲೆ ಬಂದರೆ ಮುಗಿಯಿತು. ತಳದಲ್ಲಿ ಅಮುಕಿಕೊಂಡಿದ್ದ ಗಾಳಿ ಮೇಲೇರಿದಂತೆ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿ ಎದೆಯನ್ನು ಒಳಗಿನಿಂದಲೇ ಹರಿಯುತ್ತದೆ. “ಆ ಅಂತ ಉಸ್ರು ಬಿಡ್ತಾನೇ ಮ್ಯಾಕ್ ಬರ್ಬೇಕು ಕಣ್ಲಾ” ಎಂದು ಮುನಿಗಂಗಪ್ಪ ಎಲ್ಲರಿಗೂ ಬಾಯಿ ನೋಯುವಷ್ಟು ಹೇಳುತ್ತಿದ್ದ.

ವಾಜಿದನಿಗೂ ಹೇಳಿದ್ದ. ಮೊದಲ ದಿನ ಆ ಹುಡುಗ ಬಡಗಣ ಗೋಡೆಯ ಮುಳುಗಿದ ಮೆಟ್ಟಿಲ ಮೇಲೆ, ನೀರಿನೊಳಗೆ, ಜಗಲಿಯಲ್ಲಿ ಕೂತಂತೆ ಕೂತಿದ್ದು ಗಾಳಿ ತೀರುವ ತನಕ ಎದ್ದು ಬರಲೇ ಇಲ್ಲ. ಬಂದು ಕಣ್ಣಿಗೆ ಕಟ್ಟಿದ್ದ ಗಾಜು ತೆಗೆದಾಗ ಅವನ ಮುಖದಲ್ಲಿದ್ದ ಬೆಳಕನ್ನು ಮುನಿಗಂಗಪ್ಪ ತನ್ನ ನಿಜವಾದ ಸಂಬಳವೆಂದುಕೊಂಡಿದ್ದ. ಕಲಿಸುವವನಿಗೆ ಅದಕ್ಕಿಂತ ಏನು ಬೇಕು? ಆಮೇಲೊಂದು ಮಧ್ಯಾಹ್ನ ಅದೇ ವಾಜಿದ್, ತನ್ನ ದಮ್ಮು ತೋರಿಸಲು, ತಳದಿಂದ ಉಸಿರು ಹಿಡಿದೇ ಚಿಮ್ಮಿ ಬಂದ. “ಹೆಂಗಿತ್ತು ಸಾರ್?” ಎಂದು ನಕ್ಕ. ನಗುವಿನ ಜೊತೆಗೇ ಬಾಯಲ್ಲಿ ರಕ್ತ ಬಂತು. ಆಸ್ಪತ್ರೆಗೆ ಹೊರಟ ಗಾಡಿ ಹೆಬ್ಬಾಳ ಮುಟ್ಟುವುದರೊಳಗೆ ಪ್ರಾಣ ಹೋಯಿತು. ಅವನ ಸೆಟ್ಟನ್ನು ವಿಚಾರಣೆಗೆಂದು ಒಯ್ದವರು ವಾಪಸು ತರಲಿಲ್ಲ. ಇನ್ನೊಂದನ್ನು ಮುನಿಗಂಗಪ್ಪ ಪಂಪಿನ ಮನೆಗೆ ಹಾಕಿ ಬೀಗ ಜಡಿದ.

ವರ್ಷ ತಿರುಗುವಷ್ಟರಲ್ಲಿ ವಾಜಿದನ ತಾಯಿ ಮಲ್ಕಾ, ಕಿರಿಯ ಮಗ ಖುರ್ಷೀದನನ್ನು ಕರೆದುಕೊಂಡು ತೋಟಕ್ಕೆ ಬಂದಳು. ಅಣ್ಣನ ಕೆಲಸವನ್ನು ಇಲಾಖೆಯವರು ತಮ್ಮನಿಗೆ ಕೊಟ್ಟಿದ್ದರು. ನೀರೊಳಗಿನ ಕೆಲಸ ಕಲಿತರೆ ಮಾತ್ರ ಖಾಯಂ, ಇಲ್ಲದಿದ್ದರೆ ಅದೂ ಇಲ್ಲ. ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇರಲಿಲ್ಲ.

“ನನ್ ಕೈಲಾಗಲ್ಲ ಕಣಮ್ಮ. ಬೇರೆ ಯಾರನ್ನಾದ್ರೂ ನೋಡ್ಕಳಿ” ಎಂದ ಮುನಿಗಂಗಪ್ಪ.

“ಬೇರೆಯವರು ನಿಮ್ಮಷ್ಟು ಹೆದರಿಕೊಂಡು ಕಲಿಸಲ್ಲ ಅಣ್ಣಾ” ಎಂದಳು ಮಲ್ಕಾ. “ಅದಕ್ಕೇ ನಿಮ್ಮತ್ರಾನೇ ಬಂದೆ.”

ಮುನಿಗಂಗಪ್ಪ ಎದ್ದು ಪಂಪಿನ ಮನೆಗೆ ಹೋದ. ಬೀಗ ತೆಗೆದ.

ಇದ್ದದ್ದು ಒಂದೇ ಸೆಟ್ಟು. ಹುಡುಗನ ಜೊತೆ ತಾನೂ ಇಳಿಯುವಂತಿರಲಿಲ್ಲ. ಖುರ್ಷೀದನ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿ ಹಿಡಿದು ದಡದಲ್ಲಿ ಕೂತು ಗುಳ್ಳೆ ನೋಡುವುದೇ ಮೇಷ್ಟ್ರ ಕೆಲಸ. ಗುಳ್ಳೆ ಏಳುತ್ತಿದ್ದರೆ ಹುಡುಗ ಉಸಿರಾಡುತ್ತಿದ್ದಾನೆ ಎಂದು ಅರ್ಥ. ಮಲ್ಕಾ ಪ್ರತಿದಿನ ಜೊತೆಗೆ ಬಂದು, ಬಾವಿಗೆ ಬೆನ್ನು ತಿರುಗಿಸಿ ಕೂತು ಮಣಿಸರ ಎಣಿಸುತ್ತಿದ್ದಳು.

ಮೊದಲ ದಿನವೇ ಮುನಿಗಂಗಪ್ಪ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಗುಳ್ಳೆ ಎರಡು ಸಾಲು ಏಳುತ್ತಿತ್ತು. ಒಂದು ನಡುವೆ, ಖುರ್ಷೀದ್ ಇದ್ದಲ್ಲಿ. ಇನ್ನೊಂದು ಬಡಗಣ ಗೋಡೆಯ ಮೆಟ್ಟಿಲ ಬಳಿ.

ಕೆಳಗೆಲ್ಲೋ ಕೆಸರು ಕದಡಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಕೆಸರಿನ ಗುಳ್ಳೆ ಮನಸ್ಸು ಬಂದಂತೆ ಬರುತ್ತದೆ. ಇದು ಹಾಗಲ್ಲ. ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು, ಆರಾಮಾಗಿ ಉಸಿರಾಡುವವನ ಹಾಗೆ. ಖುರ್ಷೀದ್ ಮೇಲೆ ಬಂದೊಡನೆ ನಿಂತುಹೋಗುತ್ತಿತ್ತು. ದಿನವೂ ಹೀಗೇ. ಮುನಿಗಂಗಪ್ಪನಿಗೆ ಊಟ ಸೇರದಾಯಿತು. ಯಾರಿಗೆ ಹೇಳುವುದು? ಹೆತ್ತವಳು ಅಲ್ಲೇ ಕೂತಿದ್ದಾಳೆ. ವಾಜಿದ್ ತಮ್ಮನನ್ನೂ ಕರೆದುಕೊಳ್ಳಲು ಕೆಳಗೆ ಕಾದು ಕೂತಿದ್ದಾನೆ ಎಂದು ಹೆದರಿ, ಆ ಸಾಲು ತೊಲಗಲಪ್ಪ ಎಂದು ದಿನವೂ ದೇವರಿಗೆ ಮೊರೆಯಿಟ್ಟ.

ಖುರ್ಷೀದನಿಗೆ ಇದೊಂದೂ ಗೊತ್ತಿಲ್ಲ. ಮೈ ಒರೆಸಿಕೊಳ್ಳುತ್ತ ಮಾತಾಡುತ್ತಲೇ ಇರುತ್ತಿದ್ದ. “ಯಲಹಂಕ ಕೆರೇಲಿ ದಮ್ ಕಟ್ಟೋ ಪಂದ್ಯ ಆಡ್ತಿದ್ವಿ ಸಾರ್. ಒಂದ್ಸಲಾನೂ ನಾನ್ ಗೆದ್ದಿಲ್ಲ. ಇನ್ನೇನ್ ಗೆದ್ದೆ ಅನ್ನೋ ಹೊತ್ಗೆ ಭಾಯಿ ನೀರೊಳಗೇ ಬಂದು ಪಕ್ಕೆಗೆ ಕಚಗುಳಿ ಇಡ್ತಿದ್ದ. ನಕ್ಕು ಉಸ್ರೆಲ್ಲಾ ಬಿಟ್ಬಿಡ್ತಿದ್ದೆ. ಮೋಸಗಾರ ಅವ್ನು.”

ಕೊನೆಯ ಪಾಠದ ದಿನ ಬಾವಿಯ ತಳದ ಕಲ್ಲಿಗೆ ಹಗ್ಗದ ತುಂಡೊಂದನ್ನು ಗಂಟು ಹಾಕಿ ಬರಬೇಕಿತ್ತು. ಖುರ್ಷೀದ್ ಇಳಿದ. ಗುಳ್ಳೆ ಎದ್ದಿತು, ಎರಡು ಸಾಲು. ಸ್ವಲ್ಪ ಹೊತ್ತಿಗೆ ನಡುವಿನ ಸಾಲು ನಿಂತಿತು.

ಹಗ್ಗ ಬಿಗಿಯಿತು. ತಳದಲ್ಲಿ, ಎತ್ತು ಕಟ್ಟಿ ನೀರೆತ್ತುತ್ತಿದ್ದ ಹಳೇ ಕಪಿಲೆಯ ತೊಲೆ ಬಿದ್ದಿತ್ತು. ಅದಕ್ಕೇ ಸಿಕ್ಕಿಕೊಂಡಿದ್ದಾನೆ. ಮೇಷ್ಟ್ರು ಎದ್ದು ನಿಂತದ್ದು ಕಂಡು ಮಲ್ಕಾ ತಿರುಗಿದಳು. “ಎಳೀರಿ ಅಣ್ಣಾ! ಹಗ್ಗ ಎಳೀರಿ!” ಎಂದು ಕೂಗಿದಳು. ಮುನಿಗಂಗಪ್ಪನ ತೋಳುಗಳು ಎಳೆಯಲು ಹಾತೊರೆದವು. ಎಳೆದರೆ ಉಸಿರು ಹಿಡಿದ ಹುಡುಗ ಅಣ್ಣನಂತೆಯೇ ಸಾಯುತ್ತಾನೆ. ಎಳೆಯದಿದ್ದರೆ ಅಲ್ಲೇ ಉಸಿರುಗಟ್ಟುತ್ತಾನೆ. ಅಷ್ಟರಲ್ಲಿ ಹಗ್ಗ ತಾನಾಗಿಯೇ ಸಡಿಲವಾಯಿತು. ಹುಡುಗ ಬಿಡಿಸಿಕೊಂಡು ಮೇಲೆ ಬರುತ್ತಿದ್ದಾನೆ, ಒಂದೇ ಒಂದು ಗುಳ್ಳೆಯಿಲ್ಲದೆ.

“ಉಸ್ರು ಬಿಡ್ಲಾ! ಬಿಡೋ!” ಎಂದು ಅವನು ನೀರಿಗೆ ಬಾಗಿ ಅರಚಿದ. ಕೆಳಗಿನವರಿಗೆ ಕೇಳಿಸುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಆಗ ಬಡಗಣ ಗೋಡೆಯ ಸಾಲು ಜಾಗ ಬಿಟ್ಟು ಕದಲಿತು. ನೆಟ್ಟಗೆ ಬಾವಿಯ ನಡುವಿಗೆ ಬಂತು. ಮರುಕ್ಷಣ ನೀರೆಲ್ಲ ಸಾರು ಕುದಿದಂತೆ ಗುಳ್ಳೆಗುಳ್ಳೆಯಾಗಿ ಉಕ್ಕಿತು, ಅದರ ಮಧ್ಯೆ ಖುರ್ಷೀದನ ತಲೆ ಎದ್ದಿತು. ಕೆಮ್ಮುತ್ತಿದ್ದ, ನಗುತ್ತಿದ್ದ.

ಮುನಿಗಂಗಪ್ಪ ಅವನನ್ನು ಮೆಟ್ಟಿಲಿಗೆ ಎಳೆದು ಬಾಯಿ ಅಗಲಿಸಿ ನೋಡಿದ. ರಕ್ತವಿಲ್ಲ. ಎದೆಗೆ ಕಿವಿಯಿಟ್ಟ. ಉಸಿರು ಸಲೀಸಾಗಿ ಆಡುತ್ತಿತ್ತು. “ಯಾಕ್ಲಾ ನಗ್ತೀಯಾ?” ಎಂದ.

“ತೊಲೆಗೆ ಸಿಕ್ಕಿ ಬಾಯಿಂದ ಗಾಳಿ ಎಳ್ಯೋ ರಬ್ಬರ್ ಕಿತ್ಕೊಂಡೋಯ್ತು ಸಾರ್. ನೀವ್ ಹೇಳಿದ್ದೆಲ್ಲಾ ಮರ್ತೋಯ್ತು, ದಮ್ ಕಟ್ಕೊಂಡೇ ಬಂದೆ. ಅರ್ಧಕ್ಕೆ ಬರೋ ಹೊತ್ಗೆ...” ಅವನ ನಗು ನಿಂತಿತು. ತಾಯಿಯ ಕಡೆ ನೋಡಿದ. “ಅಮ್ಮಾ, ಯಾರೋ ಪಕ್ಕೆಗೆ ಕಚಗುಳಿ ಇಟ್ರು.”

ಮಲ್ಕಾ ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಮಗನ ತಲೆ ಸವರಿದಳು. ಅವಳು ನೋಡುತ್ತಿದ್ದದ್ದು ಮಾತ್ರ ಬಡಗಣ ಗೋಡೆಯ ಕಡೆಗೆ. ಅಲ್ಲಿ ಮತ್ತೆ ಗುಳ್ಳೆ ಏಳುತ್ತಿತ್ತು.

“ನಿಮಗೂ ಕಾಣುತ್ತಾ?” ಎಂದ ಮುನಿಗಂಗಪ್ಪ.

“ಮೊದಲನೇ ದಿನಾನೇ ಕಾಣ್ತು ಅಣ್ಣಾ. ನೋಡಿದ್ರೆ ನಾನೂ ನೀರಿಗೆ ಇಳಿದುಬಿಡ್ತೀನಿ ಅಂತ ಬೆನ್ನು ಹಾಕಿ ಕೂತ್ಕೋತಿದ್ದೆ.” ಅವಳು ಬಗ್ಗಿ ನೀರಿನಲ್ಲಿ ಕೈಯಿಟ್ಟಳು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. “ನೀನೇ ಗೆದ್ದೆ, ಬೇಟಾ” ಎಂದಳು. “ಇನ್ನು ಉಸಿರು ಬಿಟ್ಬಿಡು.”

ಗೋಡೆಯ ಬಳಿ ದೊಡ್ಡದೊಂದು ಗುಳ್ಳೆ ಎದ್ದು ಒಡೆಯಿತು. ಅದರ ಹಿಂದೆ ಸಣ್ಣವು ಕೆಲವು ಬಂದವು. ಆಮೇಲೆ ಏನೂ ಬರಲಿಲ್ಲ. ಯಾವ ಸಾಲು ತೊಲಗಲಿ ಎಂದು ಇಷ್ಟು ದಿನ ದೇವರಿಗೆ ಮೊರೆಯಿಟ್ಟಿದ್ದನೋ, ಅದು ಹೋಯಿತೆಂದು ತಿಳಿದಾಗ ಮುನಿಗಂಗಪ್ಪ ಹಗ್ಗ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತ. ಖುರ್ಷೀದ್ ಬಂದು ಅವನ ಕೈಯಿಂದ ಹಗ್ಗ ಬಿಡಿಸಿಕೊಂಡು ಸುತ್ತತೊಡಗಿದ.